ಅಗತ್ಯ ಇರುವಷ್ಟೇ ಕೆಲಸ ಮಾಡ್ತೀರಾ? ಮೊದಲು ಇದನ್ನು ನೋಡಿ

ಸಂಬಳಕ್ಕೆ ತಕ್ಕಷ್ಟೇ ಕೆಲಸ, ಅದಕ್ಕಿಂತ ಜಾಸ್ತಿ ಬೇಡ ಅಂತ ತೀರ್ಮಾನ ಮಾಡಿದವರಿಗೆ ಒಂದು ಸಲಹೆ. 2022ರಲ್ಲಿ ಟಿಕ್‌ಟಾಕ್ ಮೂಲಕ ಇದಕ್ಕೆ 'ಕ್ವೈಟ್ ಕ್ವಿಟಿಂಗ್' ಅನ್ನುವ ಹೆಸರು ಎಲ್ಲ ಕಡೆ ಹಬ್ಬಿತು. ಅದೇ ವರ್ಷ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಅಮೆರಿಕದ ಉದ್ಯೋಗಿಗಳಲ್ಲಿ ಕನಿಷ್ಠ ಅರ್ಧದಷ್ಟು ಜನ ಹೀಗೇ ಇದ್ದಾರೆ ಎಂದು ಹೇಳಿತ್ತು. ಹಾಗಾಗಿ ತಪ್ಪು ಮಾಡಿದವರ ಥರ ಮುಖ ಮುಚ್ಚಿಕೊಳ್ಳಬೇಕಿಲ್ಲ. ಆದರೆ ಹೇಳದೆ ಕೇಳದೆ ಕೈಬಿಟ್ಟರೆ ಆ ಹೊರೆ ಪಕ್ಕದ ಸೀಟಿನವರ ತಲೆ ಮೇಲೆ ಬೀಳುತ್ತದೆ, ಅಲ್ವಾ?

ಮೊದಲು ನೇಮಕಾತಿ ಪತ್ರ ತೆಗೆದು ಓದಿ. 'ಮೇಲಿನವರು ಹೇಳುವ ಇತರೆ ಕೆಲಸಗಳು' ಅನ್ನುವ ಸಾಲು ಎಷ್ಟೋ ಪತ್ರಗಳಲ್ಲಿ ಕೊನೆಗೆ ಸೇರಿಕೊಂಡಿರುತ್ತದೆ. ಅದಿದ್ದರೆ 'ಇದು ನನ್ನ ಕೆಲಸ ಅಲ್ಲ' ಅನ್ನುವ ಮಾತು ನಿಲ್ಲುವುದಿಲ್ಲ. ಬದಲಿಗೆ ಯಾವುದು ಮೊದಲು ಅಂತ ಕೇಳಿ. ಸಂಜೆ ಐದಕ್ಕೆ ಹೊಸ ಕೆಲಸ ಬಂತು ಅಂದುಕೊಳ್ಳಿ. ಮೇಲಿನವರಿಗೆ ಹೀಗೆ ಬರೆಯಿರಿ: "ಇದನ್ನು ನಾಳೆಯೇ ಕೊಡಬೇಕಾದರೆ ತಿಂಗಳ ವರದಿ ಎರಡು ದಿನ ತಡವಾಗುತ್ತದೆ. ಯಾವುದನ್ನು ಮೊದಲು ಮಾಡಲಿ?" ಇಲ್ಲ ಅಂದ ಹಾಗೂ ಆಗಲಿಲ್ಲ, ನಿರ್ಧಾರವೂ ಅವರದ್ದೇ ಆಯಿತು. ಫೋನಿನಲ್ಲಿ ಹೇಳಬೇಡಿ, ಮೇಲ್‌ನಲ್ಲೇ ಇರಲಿ.

ಬಡ್ತಿ ಬೇಕು ಅನ್ನುವವರಿಗೆ ಈ ದಾರಿ ಅಷ್ಟಾಗಿ ಒಗ್ಗುವುದಿಲ್ಲ. ಅಂಥವರು ಎಲ್ಲರ ಕಣ್ಣಿಗೆ ಬೀಳುವ ಒಂದೇ ಕೆಲಸ ಹಿಡಿದು ಅದನ್ನು ಚೆನ್ನಾಗಿ ಮಾಡಲಿ, ಉಳಿದದ್ದು ಅಳತೆಯಷ್ಟೇ ಸಾಕು.

ಟೀಮ್ ನಡೆಸುವವರಿಗೂ ಒಂದು ಮಾತು: ಚುರುಕಾಗಿದ್ದವರು ಇದ್ದಕ್ಕಿದ್ದಂತೆ ತಣ್ಣಗಾದರೆ, ಅಪ್ರೈಸಲ್‌ವರೆಗೆ ಕಾಯದೆ ಪಕ್ಕಕ್ಕೆ ಕರೆದು ಕಾರಣ ಕೇಳಿ.