ಮಗ್ಗುಲಿಗೆ ಮಲಗಿಸುವ ಅಂಗಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಾನು ಕತ್ತರಿ ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ಮದುವೆಯ ಕೋಟುಗಳನ್ನೇ ಲೆಕ್ಕವಿಲ್ಲದಷ್ಟು ಹೊಲಿದಿದ್ದೇನೆ. ಆದರೆ ನನಗಾಗಿ ಹೊಲಿದುಕೊಂಡ ಒಂದು ತೋಳಿಲ್ಲದ ಅಂಗಿಯ ಬಗ್ಗೆ ಇರುವಷ್ಟು ಹೆಮ್ಮೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಅದನ್ನು ತೊಟ್ಟು ಮಲಗಲು ಶುರು ಮಾಡಿದ ಮೇಲೆ ರಾತ್ರಿ ಉಸಿರು ಕಟ್ಟುವುದು ಬಹಳ ಕಡಿಮೆಯಾಗಿದೆ. "ಡಾಕ್ಟರರ ಕೆಲಸ ಡಾಕ್ಟರರು ಮಾಡಲಿ, ನೀನು ಬಟ್ಟೆ ಹೊಲಿ" ಎಂದಿದ್ದ ಭಾವನವರೂ ನಿದ್ದೆ ಪರೀಕ್ಷೆಯ ಎರಡನೆಯ ವರದಿ ನೋಡಿದ ಮೇಲೆ ಒಪ್ಪಿದ್ದಾರೆ.

ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಈ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಲೆಕ್ಕವೇ ಎ.ಎಚ್.ಐ. ಮೊದಲ ನಿದ್ದೆ ಪರೀಕ್ಷೆಯಲ್ಲಿ ನನ್ನದು ಒಟ್ಟು 24 ಇತ್ತು. ವರದಿಯ ಎರಡನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಲೆಕ್ಕವಿತ್ತು: ಅಂಗಾತ ಮಲಗಿದಾಗ 41ರ ಆಸುಪಾಸು, ಮಗ್ಗುಲಲ್ಲಿ 7. ಆ ಸಾಲನ್ನು ಮೊದಲು ಹುಡುಕಿ ನೋಡಿ. ಅಂಗಾತದ ಸಂಖ್ಯೆ ಮಗ್ಗುಲಿನದಕ್ಕಿಂತ ಎರಡು ಪಟ್ಟಾದರೂ ಇದ್ದರೆ ಅದು ಮಲಗುವ ಭಂಗಿಗೆ ಅಂಟಿಕೊಂಡ ಅಪ್ನಿಯಾ. ಮಗ್ಗುಲಲ್ಲೂ ಸಂಖ್ಯೆ ಜಾಸ್ತಿ ಇರುವವರಿಗೆ ನನ್ನ ಅಂಗಿಯಿಂದ ಪ್ರಯೋಜನವಿಲ್ಲ. ಅಂಥವರು ದಯವಿಟ್ಟು ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ) ಬಿಡಬೇಡಿ.

ನಾನು ಸಿಪ್ಯಾಪ್ ಬಿಟ್ಟದ್ದು ಅದು ಕೆಲಸ ಮಾಡಲಿಲ್ಲವೆಂದಲ್ಲ. ತಿಂಗಳಿಗೆ ನಾಲ್ಕು ಸಾವಿರದಂತೆ ಬಾಡಿಗೆಗೆ ತಂದಿದ್ದೆ, ಹಾಕಿಕೊಂಡ ರಾತ್ರಿ ಸಂಖ್ಯೆ ಮೂರಕ್ಕೆ ಇಳಿಯುತ್ತಿತ್ತು. ಆದರೆ ಅಂಗಡಿಯ ಬಟ್ಟೆಯ ಧೂಳಿನಿಂದ ನನ್ನ ಮೂಗು ಸದಾ ಕಟ್ಟಿರುತ್ತದೆ. ಎರಡು ಗಂಟೆಯ ಹೊತ್ತಿಗೆ ಮಾಸ್ಕ್ ಕಿತ್ತು ಹಾಕಿರುತ್ತಿದ್ದೆ. ಹೊಸ ಯಂತ್ರಕ್ಕೆ ನಲವತ್ತೆಂಟು ಸಾವಿರ ಹೇಳಿದರು. ಆಗ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಮಂಗಳದಾಸ್ ಮಾರುಕಟ್ಟೆಯಿಂದ ಬಟ್ಟೆ ತರುವಾಗ ಲೋಕಲ್ ರೈಲಿನಲ್ಲಿ ನಿದ್ದೆ ಹತ್ತಿ, ಇಳಿಯಬೇಕಾದ ಡೊಂಬಿವಲಿ ದಾಟಿ ಕಲ್ಯಾಣದಲ್ಲಿ ಕಣ್ಣು ಬಿಟ್ಟದ್ದು ನಾಲ್ಕೈದು ಸಲ. ಒಂದು ಮಧ್ಯಾಹ್ನ ತೂಕಡಿಸುತ್ತ ಕತ್ತರಿ ಓಡಿಸಿ ಗ್ರಾಹಕರೊಬ್ಬರ ಸೂಟಿನ ಬಟ್ಟೆ ಹಾಳು ಮಾಡಿದೆ. ಆರು ಸಾವಿರ ತುಂಬಿಕೊಟ್ಟೆ. ಏನಾದರೂ ಮಾಡಲೇಬೇಕು ಎಂದು ನಿಶ್ಚಯಿಸಿದ್ದು ಅಂದೇ.

ಟೆನಿಸ್ ಚೆಂಡಿನ ಉಪಾಯ ಎಲ್ಲರಿಗೂ ಗೊತ್ತು. ಅಂಗಾತವಾದರೆ ಒತ್ತಲಿ ಎಂದು ಬನಿಯನ್ನಿನ ಬೆನ್ನಿಗೆ ಕಿಸೆ ಹೊಲಿದು ಚೆಂಡು ಇಟ್ಟೆ. ನಾಲ್ಕನೆಯ ರಾತ್ರಿಗೆ ಬನಿಯನ್ ಸುತ್ತಿಕೊಂಡು ಚೆಂಡು ಪಕ್ಕೆಗೆ ಬಂದಿತ್ತು, ನಾನು ಅಂಗಾತ ಮಲಗಿದ್ದೆ. ಮೂರು ಚೆಂಡುಗಳನ್ನು ಸಾಲಾಗಿ ಇಟ್ಟಾಗ ಬೆನ್ನುಮೂಳೆ ನೊಂದಿತು, ಹತ್ತು ದಿನದಲ್ಲಿ ದೇಹ ಅದಕ್ಕೂ ಒಗ್ಗಿ ಚೆಂಡಿನ ಮೇಲೆಯೇ ಗೊರಕೆ ಹೊಡೆಯತೊಡಗಿತು. ಮೂರು ಸಾವಿರದ ಎಂಟುನೂರು ಕೊಟ್ಟು ಅಂಗಾತ ಮಲಗದಂತೆ ಬೆನ್ನಿಗೆ ಕಟ್ಟುವ ಸಿದ್ಧ ಪಟ್ಟಿಯೊಂದನ್ನು ತರಿಸಿದೆ. ಬೆಳಗಾಗುವಷ್ಟರಲ್ಲಿ ಅದು ಹೊಟ್ಟೆಯ ಮೇಲೆ ಇರುತ್ತಿತ್ತು. ಥರ್ಮೋಕೋಲ್ ತುಂಬಿದ್ದೂ ಆಯಿತು; ಅದರ ಕಿರಕಿರ ಸದ್ದಿಗೆ ಹೆಂಡತಿ ಹಾಲ್‌ಗೆ ಹೋಗಿ ಮಲಗಿದಳು.

ಇಷ್ಟೆಲ್ಲ ಆದ ಮೇಲೆ ನನಗೆ ಹೊಳೆದದ್ದು ದರ್ಜಿಗೆ ಮೊದಲೇ ಹೊಳೆಯಬೇಕಾಗಿದ್ದ ಮಾತು. ಬೆನ್ನಿಗೆ ಏನು ಕಟ್ಟುತ್ತೇವೆ ಎನ್ನುವುದಕ್ಕಿಂತ ಅದು ಇದ್ದಲ್ಲೇ ಇರುತ್ತದೆಯೇ ಎನ್ನುವುದು ಮುಖ್ಯ. ಅಂಗಿಗೆ ನಾವು ಎದೆಯ ಸುತ್ತ ಮೂರು ನಾಲ್ಕು ಇಂಚು ಸಡಿಲ ಬಿಡುತ್ತೇವೆ. ಆ ಸಡಿಲವೇ ಇಲ್ಲಿ ಶತ್ರು. ಕಂಕುಳಲ್ಲಿ ಬೆರಳು ತೂರುವಷ್ಟು ಜಾಗ ಉಳಿದರೂ ಅಂಗಿ ತಿರುಗುತ್ತದೆ. ಹಾಗೆಂದು ಬಿಗಿದರೆ ಉಸಿರಾಟಕ್ಕೇ ತೊಂದರೆ. ಬೆನ್ನಿಗೆ ಹಿಗ್ಗದ ಡ್ರಿಲ್ ಬಟ್ಟೆ, ಎರಡೂ ಪಕ್ಕಕ್ಕೆ ಅಗಲ ಎಲಾಸ್ಟಿಕ್, ಮುಂದೆ ವೆಲ್ಕ್ರೋ ಹಾಕಿದೆ. ಜಿಪ್ ಹಾಕಿ ನೋಡಿದ್ದೆ, ಮಗ್ಗುಲಾದಾಗ ಚುಚ್ಚುತ್ತದೆ. ಚೆಂಡಿನ ಬದಲು ಮಕ್ಕಳು ಈಜು ಕಲಿಯುವಾಗ ಹಿಡಿದುಕೊಳ್ಳುವ ಉದ್ದನೆಯ ಫೋಮ್ ಕೊಳವೆಯನ್ನು ತುಂಡು ಮಾಡಿ, ಎರಡನ್ನು ಜೋಡಿಸಿ, ಹೆಗಲ ಮೂಳೆಗಳ ನಡುವಿನಿಂದ ಸೊಂಟಕ್ಕಿಂತ ಒಂದು ಗೇಣು ಮೇಲಿನವರೆಗೆ ಇಟ್ಟೆ. ಸುಮಾರು ನಾಲ್ಕು ಇಂಚು ದಪ್ಪ. ಅದರ ಅಂಚುಗಳನ್ನು ಯಾವ ಓರೆಯಲ್ಲಿ ಕೊಯ್ಯುತ್ತೇನೆ, ಹೆಗಲ ಪಟ್ಟಿಯನ್ನು ಎಲ್ಲಿ ದಾಟಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಐದು ತಿಂಗಳು ತಗುಲಿತು, ಅದು ನನ್ನದಾಗಿಯೇ ಇರಲಿ.

ರಾತ್ರಿ ಬೆನ್ನು ಹಾಸಿಗೆಗೆ ತಾಗಿತೋ ಇಲ್ಲವೋ ಎಂದು ತಿಳಿಯಲು ನಾನು ಮಾಡಿದ್ದು ಇದು: ಬಿಳಿ ಟೈಲರ್ ಚಾಕ್ ಪುಡಿ ಮಾಡಿ ಅಂಗಿಯ ಬೆನ್ನಿಗೆ, ಫೋಮಿನ ಎರಡೂ ಬದಿಗೆ ಉಜ್ಜಿ, ಕಡುನೀಲಿ ಚಾದರದ ಮೇಲೆ ಮಲಗುವುದು. ಬೆಳಿಗ್ಗೆ ಚಾದರ ನೋಡಿದರೆ ಸಾಕು. ಮೊದಲ ವಾರ ಅಂಗೈ ಅಗಲದ ಬಿಳಿ ಮಚ್ಚೆಗಳು ಎರಡು ಮೂರು ಕಡೆ ಇದ್ದವು. ಆರನೆಯ ಮಾದರಿಗೆ ಬಂದಾಗ ಒಂದು ತೆಳು ಗೆರೆ ಮಾತ್ರ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇದಕ್ಕೆ ಸಾಲದು, ಅದು ರಾತ್ರಿಯ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಗೊರಕೆಯನ್ನೂ ಧ್ವನಿಮುದ್ರಿಸುತ್ತಿದ್ದೆ.

ನಡುವೆ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಹಳೆಯ ಮೊಬೈಲಿನ ಕಂಪಿಸುವ ಮೋಟರು ತಂದು, ಅಂಗಾತವಾದಾಗ ಅದುರುವಂತೆ ಒಬ್ಬ ಹುಡುಗನಿಂದ ಮಾಡಿಸಿದ್ದೆ. ಸಾವಿರದ ಇನ್ನೂರು ಹೋಯಿತು. ಅದುರುತ್ತಿತ್ತು ನಿಜ, ಆದರೆ ಬೆವರಿಗೆ ತಂತಿ ಹದಿನೈದು ದಿನದಲ್ಲಿ ಕಿಲುಬು ಹಿಡಿಯಿತು. ಮಂಚದ ತಲೆಯ ಕಡೆ ಕಾಲಿಗೆ ಎರಡೆರಡು ಇಟ್ಟಿಗೆ ಇಟ್ಟದ್ದು ಮಾತ್ರ ಇನ್ನೂ ಇದೆ; ಅದರಿಂದಲೂ ಗೊರಕೆ ಸ್ವಲ್ಪ ತಗ್ಗಿತು.

ಒಂದು ವಿಷಯ ತಡವಾಗಿ ತಿಳಿಯಿತು. ಮೈ ಮಗ್ಗುಲಾಗಿದ್ದರೂ ಮುಖ ಛಾವಣಿಯ ಕಡೆಗೆ ತಿರುಗಿದರೆ ಗೊರಕೆ ಮತ್ತೆ ಬರುತ್ತಿತ್ತು. ತೆಳು ದಿಂಬಿನಿಂದ ಹಾಗಾಗುತ್ತಿತ್ತು. ಕತ್ತಿನಿಂದ ಹೆಗಲ ತುದಿಗೆ ಅಳತೆ ತೆಗೆದೆ, ಐದೂವರೆ ಇಂಚು ಬಂತು. ಊರಿನಿಂದ ಬೂರುಗದ ಹತ್ತಿ ತರಿಸಿ, ತಲೆ ಇಟ್ಟಾಗ ಅಷ್ಟೇ ಎತ್ತರ ಉಳಿಯುವಂತೆ ದಿಂಬು ತುಂಬಿದೆ. ಹೆಗಲ ನೋವೂ ಅದರಿಂದಲೇ ಹೋಯಿತು.

ಡಾಕ್ಟರರು ಮೊದಲೇ ಹೇಳಿದ್ದರು: ಏನಾದರೂ ಮಾಡಿಕೊಳ್ಳಿ, ಆದರೆ ಮತ್ತೆ ಪರೀಕ್ಷೆ ಮಾಡಿಸದೆ ಗುಣವಾಯಿತು ಎನ್ನಬೇಡಿ. ಅಂಗಿ ತೊಟ್ಟೇ ಮನೆಯಲ್ಲಿ ಪರೀಕ್ಷೆ ಮಾಡಿಸಿದೆ. ಐದೂವರೆ ಸಾವಿರ ಖರ್ಚು, ಒಟ್ಟು ಸಂಖ್ಯೆ 8. ಡಾಕ್ಟರರು ಅಂಗಿಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿದರು. ವರ್ಷಕ್ಕೊಮ್ಮೆ ತೋರಿಸಿ ಹೋಗಿ ಎಂದರು. ಕೊನೆಯ ಅಂಗಿಗೆ ಸಾಮಾನಿನ ಖರ್ಚು ಏಳುನೂರರ ಒಳಗೆ. ಮಳೆಗಾಲದಲ್ಲಿ ಒಣಗುವುದಿಲ್ಲ, ಎರಡು ಬೇಕು.

ಇಲ್ಲಿಯವರೆಗೆ ಮಾಟುಂಗಾದಿಂದ ವಸಾಯಿವರೆಗಿನ ಒಂಬತ್ತು ಮಂದಿಗೆ ಹೊಲಿದುಕೊಟ್ಟಿದ್ದೇನೆ, ವರದಿ ನೋಡದೆ ಅಳತೆ ತೆಗೆಯುವುದಿಲ್ಲ. ಇಬ್ಬರಿಗೆ ಹೊಂದಲಿಲ್ಲ, ಹಣ ಹಿಂದಿರುಗಿಸಿದೆ. ಹೆಂಗಸರ ಅಂಗಿ ಮಾತ್ರ ಇನ್ನೂ ಸರಿಬಂದಿಲ್ಲ. ಮುಂಭಾಗದ ಪಟ್ಟಿ ಎದೆಗೆ ಒತ್ತುತ್ತದೆ, ಮೇಲೆ ಸರಿಸಿದರೆ ಬೆನ್ನು ತಿರುಗುತ್ತದೆ. ಪಟ್ಟಿಯನ್ನು ಎದೆಯ ಕೆಳಗೆ ತಂದು ಪಕ್ಕದಲ್ಲಿ ಮುಚ್ಚುವಂತೆ ನಿನ್ನೆ ಹೊಸ ಕಾಗದದ ಮಾದರಿ ಕತ್ತರಿಸಿದ್ದೇನೆ, ಅದರಂತೆ ಹೊಲಿದದ್ದನ್ನು, ಅಕ್ಕ ಈ ವಾರ ತೊಟ್ಟು ನೋಡುತ್ತಾಳೆ.