ಫಿನ್ನಿಷ್ ಕಲಿಯಲು ಫಿನ್‌ಲ್ಯಾಂಡ್‌ಗೆ ಎಕ್ಸ್‌ಚೇಂಜ್ ಹೊರಟಿದ್ದೀರಾ? ಹೀಗೆ ಮಾಡಿ

ಮೊದಲೇ ಹೇಳಿಬಿಡುತ್ತೇನೆ. ಫಿನ್‌ಲ್ಯಾಂಡ್‌ನಲ್ಲಿ ಇಡೀ ಸೆಮಿಸ್ಟರನ್ನು ಒಂದೇ ಒಂದು ಫಿನ್ನಿಷ್ ವಾಕ್ಯ ಆಡದೆ ಕಳೆಯಬಹುದು. ಅಂಗಡಿಯವರು, ಬಸ್ ಡ್ರೈವರ್, ಪ್ರೊಫೆಸರ್, ಬಹುತೇಕ ಎಲ್ಲರಿಗೂ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಎಕ್ಸ್‌ಚೇಂಜ್‌ಗೆ ಬಂದವರು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಇಂಗ್ಲಿಷ್‌ನಲ್ಲೇ ದಿನ ದೂಡುತ್ತಾರೆ. ಭಾಷೆಗೆಂದೇ ಹೋಗುವವರು ಹಾಗೆ ಮಾಡಿದರೆ ಅಷ್ಟು ದೂರ ಹೋಗಿ ಏನು ಪ್ರಯೋಜನ? ಅದನ್ನು ತಪ್ಪಿಸುವ ತಯಾರಿ ಇಲ್ಲಿಂದಲೇ ಶುರುವಾಗಬೇಕು.

ಊರಿನ ಆಯ್ಕೆಯಿಂದಲೇ ಶುರು ಮಾಡಿ. ಹೆಲ್ಸಿಂಕಿ ಎಲ್ಲರ ಬಾಯಲ್ಲೂ ಇರುವ ಹೆಸರು, ಆದರೆ ಇಂಗ್ಲಿಷ್ ಜಾಸ್ತಿ ಕಿವಿಗೆ ಬೀಳುವುದೂ ಅಲ್ಲೇ. ನನ್ನನ್ನು ಕೇಳಿದರೆ ಯುವಾಸ್ಕುಲಾ ನೋಡಿ ಅನ್ನುತ್ತೇನೆ. ಫಿನ್ನಿಷ್ ಮಾಧ್ಯಮದ ಮೊದಲ ಶಿಕ್ಷಕರ ತರಬೇತಿ ಶಾಲೆ 1863ರಲ್ಲಿ ಶುರುವಾದದ್ದು ಅಲ್ಲಿ, ಇವತ್ತಿನ ವಿಶ್ವವಿದ್ಯಾಲಯ ಬೆಳೆದದ್ದೂ ಅದರಿಂದಲೇ. ಜೊತೆಗೆ ಸ್ವೀಡಿಷ್ ಕೂಡ ಬೇಕು ಅನ್ನುವವರಿಗೆ ತುರ್ಕು ಸರಿ. ಸ್ವೀಡಿಷ್ ಮಾಧ್ಯಮದ ವಿಶ್ವವಿದ್ಯಾಲಯ ಓಬೊ ಅಕಾಡೆಮಿ ಇರುವುದು ಅದೇ ಊರಿನಲ್ಲಿ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇದೆಯಾ ಅಂತ ಮೊದಲು ವಿಚಾರಿಸಿ. ಭಾರತದಿಂದ ಹೋಗಿ 90 ದಿನಕ್ಕಿಂತ ಜಾಸ್ತಿ ಇರುವುದಾದರೆ ವೀಸಾ ಸಾಲದು, ವಿದ್ಯಾರ್ಥಿಗಳ ರೆಸಿಡೆನ್ಸ್ ಪರ್ಮಿಟ್ ಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಅಲ್ಲಿನ ವಲಸೆ ಇಲಾಖೆಯ 'ಎಂಟರ್ ಫಿನ್‌ಲ್ಯಾಂಡ್' ಸೈಟ್ ಮೂಲಕ. 2024ರಿಂದ ತಿಂಗಳಿಗೆ 800 ಯೂರೊ ಲೆಕ್ಕದಲ್ಲಿ ಹಣ ತೋರಿಸಬೇಕು. ಎರಡು ವರ್ಷಕ್ಕಿಂತ ಕಡಿಮೆ ಓದಿಗೆ ಹೋಗುವವರ ಆರೋಗ್ಯ ವಿಮೆ 1,20,000 ಯೂರೊವರೆಗಿನ ಖರ್ಚು ಭರಿಸುವಂತಿರಬೇಕು. ಈ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಅಲ್ಲಿನ ವಲಸೆ ಇಲಾಖೆಯ ಸೈಟ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಸೀಟು ಸಿಕ್ಕ ಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿ ವಸತಿಗೂ ಅರ್ಜಿ ಹಾಕಿ. ಅಡುಗೆಮನೆ ಹಂಚಿಕೊಳ್ಳುವ ಕೋಣೆಯನ್ನೇ ಕೇಳಿ, ಒಂಟಿ ಕೋಣೆಯಲ್ಲಿ ಮಾತಿಗೆ ಯಾರು ಸಿಗುತ್ತಾರೆ?

ಈಗ ನಮಗಿರುವ ಅನುಕೂಲ. ಫಿನ್ನಿಷ್‌ನಲ್ಲಿ 15 ವಿಭಕ್ತಿ ಅಂತ ಕೇಳಿ ಯುರೋಪಿನ ಎಷ್ಟೋ ವಿದ್ಯಾರ್ಥಿಗಳು ಬೆವರುತ್ತಾರೆ. ಕನ್ನಡದವರು ಹೆದರಬೇಕಿಲ್ಲ. 'ತಲೊ' ಅಂದರೆ ಮನೆ. 'ತಲೊಸ್ಸ' ಮನೆಯಲ್ಲಿ, 'ತಲೊಸ್ತ' ಮನೆಯಿಂದ, 'ತಲೋನ್' ಮನೆಗೆ. ಪದದ ಬಾಲಕ್ಕೆ ಪ್ರತ್ಯಯ ಅಂಟಿಸುವುದು ನಾವು ದಿನಾ ಮಾಡುವ ಕೆಲಸ, ಅಲ್ವಾ? ಹ್ರಸ್ವ, ದೀರ್ಘ, ಒತ್ತಕ್ಷರ ಕೂಡ ನಮ್ಮ ಕಿವಿಗೆ ಹೊಸದಲ್ಲ. 'ಕುಕ' ಅಂದರೆ ಯಾರು, 'ಕುಕ್ಕ' ಅಂದರೆ ಹೂವು. ಹಾಗಾಗಿ ಮೊದಲ ತಿಂಗಳು ಹೊಸ ಪದಗಳನ್ನು ಕನ್ನಡ ಲಿಪಿಯಲ್ಲೂ ಬರೆದಿಟ್ಟುಕೊಳ್ಳಿ, ಉಚ್ಚಾರ ಬೇಗ ಕೂರುತ್ತದೆ. ಶಾಲೆಯಲ್ಲಿ ಆದೇಶ ಸಂಧಿಗೆ 'ಬೆಟ್ಟದಾವರೆ' ಉದಾಹರಣೆ ಕೊಡುತ್ತಿದ್ದರಲ್ಲ, 'ತ' ಹೋಗಿ 'ದ' ಬರುವುದು? ಇಲ್ಲೂ 'ಕತು' ಅಂದರೆ ಬೀದಿ, ಬೀದಿಯಲ್ಲಿ ಅನ್ನುವಾಗ 'ಕದುಲ್ಲ' ಆಗುತ್ತದೆ. ನಿಯಮ ಬೇರೆ, ಆದರೆ ಅಕ್ಷರ ಬದಲಾದಾಗ ಗಾಬರಿಯಾಗುವುದಿಲ್ಲ. ಕಷ್ಟ ಕೊಡುವುದು ನಮ್ಮಲ್ಲಿಲ್ಲದ ಸ್ವರಗಳು. ತುಟಿ ದುಂಡಗೆ ಮಾಡಿಕೊಂಡು 'ಇ' ಅನ್ನಿ, ಹಾಗೇ 'ಎ' ಅನ್ನಿ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ.

ಇನ್ನೊಂದು ಮುಖ್ಯ ಮಾತು. ಪುಸ್ತಕದ ಫಿನ್ನಿಷ್ ಬೇರೆ, ಬಾಯಿಮಾತಿನ ಫಿನ್ನಿಷ್ ಬೇರೆ. 'ನಾನು ಇದ್ದೇನೆ' ಅನ್ನುವುದಕ್ಕೆ ಪುಸ್ತಕದಲ್ಲಿ 'ಮಿನ್ಯಾ ಒಲೆನ್' ಅಂತಿರುತ್ತದೆ, ಹಾಸ್ಟೆಲಿನಲ್ಲಿ 'ಮ್ಯಾ ಓನ್' ಅನ್ನುತ್ತಾರೆ. 'ಬರುತ್ತೇನೆ', 'ಬರ್ತೀನಿ' ಎರಡನ್ನೂ ಬಳಸುವ ನಮಗೆ ಇದು ಅರ್ಥವಾಗುತ್ತದೆ, ಆದರೆ ಕಲಿಯದೆ ಬರುವುದಿಲ್ಲ. ಬಾಯಿಮಾತಿಗೆಂದೇ ಕೋರ್ಸ್ ಇದ್ದರೆ ಅದನ್ನು ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ, ಅಂದರೆ ಅಲ್ಲಿ ಯಾವ ಕೋರ್ಸ್ ಓದುತ್ತೀರಿ ಅನ್ನುವ ಒಪ್ಪಂದಪತ್ರದಲ್ಲಿ, ಸೇರಿಸಿ, ಅದಕ್ಕೆ ಕ್ರೆಡಿಟ್ ಕೊಡುತ್ತೇವೆ ಅಂತ ನಿಮ್ಮ ವಿಭಾಗದಿಂದ ಹೋಗುವ ಮೊದಲೇ ಸಹಿ ಹಾಕಿಸಿಕೊಳ್ಳಿ. ಸಾರ್ವಜನಿಕ ಪ್ರಸಾರ ಸಂಸ್ಥೆ ಯುಲೆ ಸರಳ ಫಿನ್ನಿಷ್‌ನಲ್ಲಿ ಸುದ್ದಿ ಓದುತ್ತದೆ, ನಿಧಾನವಾಗಿ, ಬಿಡಿಸಿ ಬಿಡಿಸಿ. ಊರಿನಲ್ಲಿರುವಾಗಲೇ ಕೇಳಲು ಶುರು ಮಾಡಿ.

ಅಲ್ಲಿಗೆ ಹೋದ ಮೇಲೆ ನೀವು ತಡವರಿಸಿದ ತಕ್ಷಣ ಎದುರಿನವರು ಇಂಗ್ಲಿಷ್‌ಗೆ ಹೊರಳುತ್ತಾರೆ. ಸಹಾಯ ಮಾಡೋಣ ಅಂತಲೇ, ಬೇರೇನೂ ಅಲ್ಲ. 'ವೊಯ್ದಾಂಕೊ ಪುಹುವ ಸುಓಮೆಅ?' ಅಂತ ಕೇಳಿ. ಫಿನ್ನಿಷ್‌ನಲ್ಲಿ ಮಾತಾಡೋಣವಾ ಅಂತ. ಇದೊಂದು ವಾಕ್ಯ ವಿಮಾನ ಹತ್ತುವ ಮೊದಲೇ ಬಾಯಿಪಾಠ ಆಗಿರಲಿ. ಕೇಳಿದ ಮೇಲೆ ಸುಮ್ನೆ ಕಾಯಿರಿ. ಅವರು ಯೋಚಿಸಿ, ಸ್ವಲ್ಪ ಹೊತ್ತು ಬಿಟ್ಟು ಉತ್ತರ ಕೊಡಬಹುದು, ಆ ಮೌನ ಸಿಟ್ಟಲ್ಲ. ನೀವು ನಡುವೆ ಇಂಗ್ಲಿಷ್ ತುರುಕಿದರೆ ಅಲ್ಲಿಗೆ ಮುಗಿಯಿತು. ಲೈಬ್ರರಿಗಳಲ್ಲಿ ನಡೆಯುವ ಭಾಷಾ ಕೆಫೆಗಳಿಗೆ, ಅಂದರೆ ಭಾಷೆ ಕಲಿಯುವವರು ಕೂತು ಮಾತಾಡುವ ಕೂಟಗಳಿಗೆ ಹೋಗಿ, ಹಾಸ್ಟೆಲಿನ ಸೌನಾಕ್ಕೂ (ಬಿಸಿ ಆವಿಯ ಸ್ನಾನದ ಕೋಣೆಗೂ) ಹೋಗಿ. ಹೊರಗೆ ಮಾತಾಡದವರು ಅಲ್ಲಿ ಮಾತಿಗೆ ಸಿಗುತ್ತಾರೆ.

ಮಧ್ಯಾಹ್ನದ ಊಟ ವಿದ್ಯಾರ್ಥಿ ಕ್ಯಾಂಟೀನಿನಲ್ಲೇ ಮಾಡಿ. ಸರ್ಕಾರದ ಸಬ್ಸಿಡಿ ಇರುವುದರಿಂದ ಸುಮಾರು 3 ಯೂರೊಗೆ ಹೊಟ್ಟೆ ತುಂಬುತ್ತದೆ, ವಿದ್ಯಾರ್ಥಿ ಕಾರ್ಡ್ ಮರೆಯಬೇಡಿ. ಮೆನುವಿನ ಫಿನ್ನಿಷ್ ಸಾಲನ್ನೇ ಮೊದಲು ಓದಿ. 'ಕೆಯ್ತ್ತೊ' ಸೂಪ್, 'ಪೆರುನ' ಆಲೂಗಡ್ಡೆ, 'ಕಸ್ವಿಸ್' ತರಕಾರಿ. 'ಎಂ' ಅಂತ ಗುರುತಿದ್ದರೆ ಹಾಲಿಲ್ಲ ಅಂತ ಅರ್ಥ, ಮಾಂಸ ಇಲ್ಲ ಅಂತಲ್ಲ. ಸಸ್ಯಾಹಾರಿಗಳು ಇದನ್ನು ನೆನಪಿಡಿ.

ಸೆಮಿಸ್ಟರ್ ಆರಿಸುವ ಅವಕಾಶ ಇದ್ದರೆ ಜನವರಿಯದನ್ನೇ ತೆಗೆದುಕೊಳ್ಳಿ. ಡಿಸೆಂಬರ್‌ನಲ್ಲಿ ಹೆಲ್ಸಿಂಕಿಯಲ್ಲೇ ಹಗಲು ಸುಮಾರು 6 ಗಂಟೆ, ಯುವಾಸ್ಕುಲಾದಲ್ಲಿ ಇನ್ನೂ ಕಡಿಮೆ. ಜನವರಿಯಲ್ಲಿ ಹೋದರೆ ಬೆಳಕು ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಮೇ 1ರ ವಪ್ಪು ಹಬ್ಬಕ್ಕೆ ವಿದ್ಯಾರ್ಥಿಗಳೆಲ್ಲ ಬೀದಿಗಿಳಿಯುವಾಗ ನೀವೂ ಅಲ್ಲಿರುತ್ತೀರಿ, ಅಷ್ಟು ಹೊತ್ತಿಗೆ ಅವರ ಮಾತಿಗೆ ಮಾತು ಸೇರಿಸುವಷ್ಟು ಫಿನ್ನಿಷ್ ಕೂಡ ಬಂದಿರುತ್ತದೆ.