ಕಾರಿನ ಬಾಗಿಲಿಗೆ ಹೊಸ ಬೀಡಿಂಗ್: ಎಳೆಯಬೇಡಿ, ಒತ್ತಿ

ಕಿಟಕಿ ಪೂರ್ತಿ ಹಾಕಿದ್ದರೂ ಕಾರು ವೇಗ ಹಿಡಿದ ಕೂಡಲೇ ಕಿವಿಯ ಹತ್ತಿರ ಸುಯ್ ಅನ್ನುತ್ತಾ? ಮಳೆ ಬಂದ ಮರುದಿನ ಮ್ಯಾಟ್ ಒದ್ದೆಯಾಗಿರುತ್ತಾ? ಹಾಗಾದರೆ ಬಾಗಿಲ ಚೌಕಟ್ಟಿನ ಸುತ್ತ ಇರುವ ರಬ್ಬರ್ ಬೀಡಿಂಗ್ ನೋಡಿ. ಒಂದು ಕಾಗದದ ಪಟ್ಟಿಯನ್ನು ಸಂದಿಯಲ್ಲಿಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಚಪ್ಪಟೆಯಾಗಿದೆ. ಹೀಗೆ ಸುತ್ತಲೂ ನೋಡಿ.

ತಗಡಿನ ಅಂಚಿಗೆ ಒತ್ತಿ ಕೂರಿಸುವ ಬೀಡಿಂಗ್ ಅನ್ನು ಮನೆಯಲ್ಲೇ ಹಾಕಬಹುದು. ಅದರ ಅಂಚು ಕಚ್ಚುವ ಭಾಗದೊಳಗೆ ಲೋಹದ ಪಟ್ಟಿ, ಪಕ್ಕಕ್ಕೆ ಟೊಳ್ಳು ಕೊಳವೆ ಇರುತ್ತದೆ. ಕೊಳ್ಳುವಾಗ ಹಳೆಯದರ ಒಂದು ತುಂಡನ್ನು ಜೊತೆಗಿಟ್ಟು ಹೋಲಿಸಿ. ಕೊಳವೆ 2-3 ಮಿ.ಮೀ. ದಪ್ಪವಾದರೂ ಬಾಗಿಲು ಹಾಕಲು ಒದ್ದಾಡಬೇಕು.

ಹಳೆಯದನ್ನು ಕೈಯಿಂದಲೇ ಕಿತ್ತುಬಿಡಿ. ಅಂಚಿನ ಧೂಳು, ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಥಿನ್ನರ್ ಬೇಡ, ಬಣ್ಣವೂ ಕಿತ್ತು ಬರುತ್ತದೆ. ತುಕ್ಕು ಕಂಡರೆ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ ಒಣಗಿಸಿ. ಹೊಸ ಬೀಡಿಂಗ್ ಸುರುಳಿಯಾಗಿ ಬಂದಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿ. ಮೆತ್ತಗಾಗುತ್ತದೆ.

ಶುರು ಮಾಡುವುದು ಕೆಳಗಿನ ಅಂಚಿನ ನಡುವಿನಿಂದ. ಎರಡು ತುದಿ ಸೇರುವ ಕಡೆಯೇ ನೀರಿಗೆ ದಾರಿ. ಆ ಜಾಯಿಂಟ್ ಮೇಲಿದ್ದರೆ ನೀರು ತಲೆಯ ಮೇಲೇ ತೊಟ್ಟಿಕ್ಕುತ್ತದೆ. ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಎಳೆದು ಹಿಗ್ಗಿಸಬೇಡಿ. ನಾನು ಮೊದಲ ಸಲ ಉದ್ದ ಉಳಿಸೋಣ ಅಂತ ಎಳೆದೆಳೆದು ಹಾಕಿದ್ದೆ. ರಬ್ಬರ್ ನಿಧಾನವಾಗಿ ತನ್ನ ಉದ್ದಕ್ಕೆ ಮರಳಿತು, ಒಂದೇ ತಿಂಗಳಲ್ಲಿ ಜಾಯಿಂಟ್‌ನಲ್ಲಿ ಬೆರಳು ತೂರುವಷ್ಟು ಬಾಯಿ ಬಿಟ್ಟಿತು. ಮೂಲೆಗಳಲ್ಲಿ ಇನ್ನೂ ಜೋಪಾನ. ಅಲ್ಲಿ ಬೀಡಿಂಗ್ ಅನ್ನು ಸ್ವಲ್ಪ ಧಾರಾಳವಾಗಿ ಬಿಟ್ಟು, ತಿರುವಿಗೆ ತಕ್ಕಂತೆ ನಿಧಾನವಾಗಿ ಬಗ್ಗಿಸಿ. ಒಳಗಿನ ಲೋಹ ಒಮ್ಮೆ ಮಡಚಿಕೊಂಡರೆ ಆ ಮಡಿಕೆ ಹೋಗುವುದಿಲ್ಲ. ಕೂರದ ಕಡೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಸುತ್ತು ಬಂದ ಮೇಲೆ ಅಳತೆಗಿಂತ ಸುಮಾರು 5 ಮಿ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ. ಎರಡೂ ತುದಿ ಒಂದಕ್ಕೊಂದು ಒತ್ತಿಕೊಳ್ಳುವಂತೆ ಕೂರಿಸಿ. ಒಳಗಿನ ಪ್ಲಾಸ್ಟಿಕ್ ಟ್ರಿಮ್‌ನ ಅಂಚು ಬೀಡಿಂಗ್‌ನಿಂದ ನಾಲಿಗೆಯಂತೆ ಚಾಚಿರುವ ಪಟ್ಟಿಯ ಕೆಳಗೆ ಹೋಗಬೇಕು.

ಕೆಲವು ದಿನ ಬಾಗಿಲು ಬಿಗಿ ಅನ್ನಿಸುತ್ತದೆ. ರಬ್ಬರ್ ಒಗ್ಗಿಕೊಳ್ಳಲಿ, ಅವಸರಪಟ್ಟು ಲಾಕ್‌ನ ಕೊಂಡಿ ಸಡಿಲಿಸಬೇಡಿ. ಸವರುವುದಾದರೆ ಸಿಲಿಕೋನ್ ಗ್ರೀಸ್ ಮಾತ್ರ. ಇದು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್. ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ.

ಕೊನೆಗೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿನವರು ಪೈಪ್ ನೀರನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಬಿಡಲಿ. ಎಲ್ಲೂ ಸೋರದೆಯೂ ಮ್ಯಾಟ್ ಒದ್ದೆಯಾಗುತ್ತಿದ್ದರೆ ತಪ್ಪು ಬೀಡಿಂಗ್‌ನದ್ದಲ್ಲದೆ ಇರಬಹುದು. ಬಾಗಿಲಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿಕೊಂಡಿದ್ದರೆ ಒಂದು ಕಡ್ಡಿ ಸಾಕು.